ತೊಳೆ

ಸೊಹಾರಿನ ಕಾಲೇಜು, ಮೂರನೇ ಮಹಡಿ, ಮಧ್ಯಾಹ್ನ ಎರಡು.
ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ಎ.ಸಿ.ಗೆ ಬೆರಳು ಮರಗಟ್ಟಿವೆ.
ಥುರಯ್ಯಾ ಗಾಜಿನ ಆಲಿಕೆಯನ್ನು
ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು
ಅಲುಗಿಸಲು ಹೆದರುತ್ತಿದ್ದಾಳೆ.

ತಲೆಕೆಳಗು ಮಾಡು, ಅಂದೆ. ಬಿರಡೆಯ ಮೇಲೆ ಅಂಗೈ ಇರಲಿ.
ಈಗ ನಲ್ಲಿ ತಿರುಗಿಸು, ಅದು ಉಸಿರು ಬಿಡಲಿ.
ಸೋಡಾ ಆಮ್ಲವನ್ನು ಮುಟ್ಟಿದ್ದೇ ತಡ
ಪುಸ್ಸೆಂದಿತು. ಬೆಚ್ಚಿದಳು, ಆಮೇಲೆ ನಕ್ಕಳು.
ಲ್ಯಾಬಿನ ತುಂಬ ಹಣ್ಣಿನ ವಾಸನೆ.

ಬಾಳೆ, ಎಂದಳು.
ಸಹಮ್‌ನಲ್ಲಿ ಅವಳಜ್ಜನಿಗೆ ತೋಟವಿದೆಯಂತೆ.
ನನಗೆ ಹಲಸು.
ತೊಳೆ ಬಿಡಿಸಿ ಬಿಡಿಸಿ ಅಂಟಾದ ಕೈ,
ನೀರಿಗೆ ಜಗ್ಗದ, ಎಣ್ಣೆ ಕಂಡರಷ್ಟೇ ಬಿಡುವ ಮೇಣ.
ನಮ್ಮಲ್ಲಿ ತೊಳೆ ಅಂದರೆ ಹಣ್ಣೂ ಹೌದು, ತೊಳೆಯುವುದೂ ಹೌದು
ಎಂದು ಹೇಳಹೊರಟು ಸುಮ್ಮನಾದೆ.
ನನ್ನ ಅರಬಿಯಲ್ಲಿ ಅಷ್ಟು ನಗು ಹಿಡಿಸುವುದಿಲ್ಲ.

ಧೈರ್ಯ ಬಂದು ಈಗ ಜೋರಾಗಿ ಕುಲುಕಿದಳು.
ಎರಡು ಪದರದ ನಡುವೆ
ಮಜ್ಜಿಗೆಯಂಥ ಬಿಳಿ ಬಂದು ಕೂತಿತು.
ಎಣ್ಣೆಯೂ ಅಲ್ಲ, ನೀರೂ ಅಲ್ಲ, ಏಳುವುದೂ ಇಲ್ಲ.
ಕಾಯಬೇಕಾ?
ಕಾಯಬೇಕು. ಆಗದಿದ್ದರೆ ಉಪ್ಪು.

ಜರ್ಮನಿಯ ಡಬ್ಬಿ. ಶೇಕಡಾ ತೊಂಬತ್ತೊಂಬತ್ತೂವರೆ ಶುದ್ಧ.
ಸಾಣಿಕಟ್ಟೆಯ ಆಗರದಲ್ಲಿ ಅವ್ವ
ಹಲಗೆ ಹಿಡಿದು ಎಳೆದ ಉಪ್ಪಿಗೆ ಕೆಸರಿನ ಬಣ್ಣವಿತ್ತು.
ಬೆಳ್ಳಗಿದ್ದರೆ ಅದು ಉಪ್ಪಲ್ಲ, ಸೊಕ್ಕು, ಅನ್ನುತ್ತಿದ್ದಳು.
ಈಗಲೂ ಫೋನಿನಲ್ಲಿ ರೇಗಿಸುತ್ತಾಳೆ:
ನಾನೂ ಕದಡಿದ್ದು ಉಪ್ಪುನೀರು, ನೀನೂ ಉಪ್ಪುನೀರು,
ನಿನಗೆ ಮಾತ್ರ ರಿಯಾಲು.

ಬಂದರಿನ ಕಡೆಗೊಂದು ಕಾರ್ಖಾನೆ:
ಸಮುದ್ರದ ಉಪ್ಪು ಕಳೆದು ಊರಿಗೆ ಕುಡಿಸುತ್ತದೆ,
ಕಳೆದದ್ದನ್ನು ಸಮುದ್ರಕ್ಕೇ ಸುರಿಯುತ್ತದೆ.
ಆ ನೀರಿಗೆ ನಾನಿಲ್ಲಿ ಮತ್ತೆ ಉಪ್ಪು ಹಾಕುತ್ತೇನೆ,
ಇನ್ನು ಕರಗೆ ಎಂದು ತಳದಲ್ಲಿ ಕೂರುವವರೆಗೆ.
ಈ ನೀರಿಗೆ ದಾಹ, ಥುರಯ್ಯಾ.
ಎಣ್ಣೆಯೊಳಗೆ ಅವಿತ ನೀರನ್ನೂ ಕರೆದುಕೊಳ್ಳುತ್ತದೆ.
ನೀರಿನಿಂದ ನೀರು ತೆಗೆಯುವುದಾ, ಎಂದು ಹುಬ್ಬೇರಿಸಿದಳು.
ಬಿಳಿ ಹರಿಯಿತು. ನಡುವೆ ಕೂದಲೆಳೆಯಷ್ಟು ಗೆರೆ.

ಅಷ್ಟರಲ್ಲೇ ಆಲಿಕೆಯನ್ನು ಸಿಂಕಿನ ಮೇಲೆ ಒಯ್ದಳು.
ಮಣಿಕಟ್ಟು ಹಿಡಿದೆ. ಗಟ್ಟಿಯಾಗೇ ಹಿಡಿದೆನೇನೋ.
ಚೆಲ್ಲಬೇಡ.
ಕೆಳಗಿನದೂ ಬೇಡ, ಮೇಲಿನದೂ ಬೇಡ,
ಕೈಗೆ ಬಂದದ್ದು ಅದೇ ಎಂದು ಖಾತ್ರಿಯಾಗುವವರೆಗೆ.
ಹನ್ನೊಂದು ವರ್ಷದ ಹಿಂದೆ ಇದೇ ಸಿಂಕಿಗೆ
ಡಾಕ್ಟರ್ ಹಬ್ಸಿಯವರ ಮೂರು ವಾರ ಸುರಿದವಳು ನಾನು.
ಅವರು ಬೈಯಲಿಲ್ಲ. ಕೊಳವೆಯೊಳಗೆ ಇಣುಕಿ ನೋಡಿದರು, ಅಷ್ಟೇ.

ಮತ್ತೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?
ಒಂದು ಹನಿ ನೀರು ಬಿಟ್ಟು ನೋಡು.
ತನ್ನವರಿದ್ದಲ್ಲಿಗೆ ಅದು ಹೋಗುತ್ತದೆ.

ಹೋಯಿತು.

ಆಮೇಲೆ ಒಣಗಿಸುವ ಪುಡಿ.
ಮೊದಲು ಗಂಟುಗಟ್ಟಿತು, ಇನ್ನೊಂದು ಚಮಚ, ಇನ್ನೊಂದು;
ಹುರಿದ ರವೆಯ ಹಾಗೆ ಉದುರುದುರಾದಾಗ, ಸಾಕು.
ಸೋಸಿ, ಬಟ್ಟಿಯಿಳಿಸಿ, ತೂಗಿದೆವು.
ಇಳುವರಿ ಶೇಕಡಾ ನಲವತ್ತೊಂದು.
ಉಳಿದದ್ದು?
ಗಾಜಿಗೆ ಅಂಟಿದ್ದು, ಕಾಗದ ಕುಡಿದದ್ದು,
ನಾವು ಮೂಸಿದ್ದು.
ತೊಳೆದಷ್ಟು ಸಲವೂ ನೀರು ತನ್ನ ಕೂಲಿ ಹಿಡಿದುಕೊಳ್ಳುತ್ತದೆ.
ಅವಳು ಅದನ್ನು ಬರೆದುಕೊಳ್ಳಲಿಲ್ಲ.
ನಲವತ್ತೊಂದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದಳು.

ಐದಕ್ಕೆ ಬಸ್ಸು. ಮೂರು ಸಲ ಸೋಪು ಹಚ್ಚಿಯೂ
ಕೈ ಇನ್ನೂ ಹಾಗೇ.
ಪಕ್ಕದ ಸೀಟಿನ ಎಲ್ಸಮ್ಮ, ತ್ರಿಶೂರಿನವಳು,
ತೂಕಡಿಸುತ್ತಿದ್ದವಳು ಕಣ್ಣು ಬಿಡದೆಯೇ ಮೂಗರಳಿಸಿದಳು:
ಚಕ್ಕಯಾ?
ಈ ಊರಲ್ಲಿ ನಿನಗೆಲ್ಲಿ ಸಿಕ್ಕಿತು?